ನೇತ್ರಾಣಿಯಲ್ಲಿ ಡೈವ್ ಮಾಡಿ ಬಂದ ತಮ್ಮನಿಗೆ ಭುಜ ನೋವು, ಬೆರಳು ಜೋಮು. ಇದು ಬರೀ ಉಳುಕಾ?

ಬಂಗಾರಪೇಟೆ ಅಕ್ಕ · ಸೋಮವಾರ ಬೆಳಗ್ಗೆ 7:10

ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ಬೇಗ ಹೇಳಿ.

ನನ್ನ ತಮ್ಮನಿಗೆ 29 ವರ್ಷ. ಶನಿವಾರ, ಭಾನುವಾರ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡಿದ. ಹೊಸಬನಲ್ಲ, ಎರಡು ವರ್ಷದ ಹಿಂದೆಯೇ ಕೋರ್ಸ್ ಮಾಡಿದ್ದಾನೆ. ಎರಡು ದಿನಕ್ಕೆ ಒಟ್ಟು 5 ಸಲ ಇಳಿದಿದ್ದಾನೆ. ಕೊನೆಯ ಸಲ 24 ಮೀಟರ್ ಆಳದಲ್ಲಿದ್ದಾಗ ಸಿಲಿಂಡರಿನಲ್ಲಿ ಗಾಳಿ ಕಮ್ಮಿ ಇರುವುದು ನೋಡಿ ಗಾಬರಿಯಾಗಿ ಸರ್ರನೆ ಮೇಲೆ ಬಂದುಬಿಟ್ಟನಂತೆ. ಕೈಗೆ ಕಟ್ಟಿದ್ದ ಡೈವ್ ಕಂಪ್ಯೂಟರ್ ಒಂದೇ ಸಮನೆ ಬೀಪ್ ಹೊಡೆಯುತ್ತಿತ್ತಂತೆ. ದೋಣಿ ಹತ್ತಿದ ಮೇಲೆ ಚೆನ್ನಾಗೇ ಇದ್ದ. ಕರೆದುಕೊಂಡು ಹೋಗಿದ್ದವರು "ಸುಸ್ತಾಗಿದೆ ಅಷ್ಟೆ, ಎಳನೀರು ಕುಡಿ" ಅಂದರಂತೆ.

ಮಧ್ಯಾಹ್ನ 3 ಗಂಟೆಗೆ ಕಾರಿನಲ್ಲಿ ಹೊರಟರು. ಘಟ್ಟ ಹತ್ತಿ ಸಾಗರದ ಹತ್ತಿರ ಬರುವಾಗ ಎಡ ಭುಜ ನೋಯಲು ಶುರುವಾಯಿತಂತೆ. ರಾತ್ರಿ 2 ಗಂಟೆಗೆ ಮನೆಗೆ ಬಂದ. ಈಗ ಭುಜದ ಒಳಗೆ ಮೂಳೆಯಲ್ಲೇ ಕೊರೆದ ಹಾಗೆ ನೋವು ಅನ್ನುತ್ತಾನೆ. ಮುಟ್ಟಿದರೆ ನೋವು ಜಾಸ್ತಿ ಆಗುವುದಿಲ್ಲ. ಎಡಗೈ ಕೊನೆಯ ಎರಡು ಬೆರಳು ಜೋಮು ಹಿಡಿದಿವೆ, ಶರ್ಟಿನ ಗುಂಡಿ ಹಾಕಿಕೊಳ್ಳಲು ಆಗುತ್ತಿಲ್ಲ. ಇಲ್ಲಿನ ಒಂದು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ನೋವಿನ ಮಾತ್ರೆ ಕೊಡಿ, ಸಂಜೆ ನೋಡೋಣ ಅಂದರು. ಅಮ್ಮ ಅಮೃತಾಂಜನ ಹಚ್ಚಿ ಶಾಖ ಕೊಡಲು ನೀರು ಕಾಯಿಸುತ್ತಿದ್ದಾರೆ.

ಇದು ಉಳುಕಾ, ಬೇರೆ ಏನಾದರೂನಾ?

ಮಾಲೂರು ಹುಡುಗ · 7:18

ಅಕ್ಕ, ಗಾಬರಿ ಬೇಡ. ಆ ಸಿಲಿಂಡರ್ ಭಾರ ಇರುತ್ತದೆ. ಎರಡು ದಿನ ಹೊತ್ತು, ಆಮೇಲೆ ಹತ್ತು ಗಂಟೆ ಕಾರಿನಲ್ಲಿ ಮುದುಡಿ ಕೂತರೆ ಯಾರಿಗಾದರೂ ಭುಜ ಹಿಡಿದುಕೊಳ್ಳುತ್ತದೆ. ನನಗೂ ಕ್ರಿಕೆಟ್ ಆಡಿ ಹೀಗೇ ಆಗಿತ್ತು. ಎರಡು ದಿನ ರೆಸ್ಟ್ ಸಾಕು.

ಕಡಲ ಹುಚ್ಚ, ಕೋಲಾರ · 7:24

ಅಕ್ಕ, ದಯವಿಟ್ಟು ಮೇಲಿನ ಮಾತು ನಂಬಿ ಕೂರಬೇಡಿ. ಶಾಖ ಬೇಡ, ಉಜ್ಜುವುದು ಬೇಡ. ಈಗಲೇ ಹೊರಡಿ.

ನಾನು 9 ವರ್ಷದಿಂದ ಡೈವ್ ಮಾಡುತ್ತಿದ್ದೇನೆ. ಆಳದಿಂದ ಬೇಗ ಮೇಲೆ ಬಂದಿದ್ದಾನೆ, ಕೆಲವು ಗಂಟೆ ಬಿಟ್ಟು ಕೀಲು ನೋವು, ಮುಟ್ಟಿದರೆ ಜಾಸ್ತಿ ಆಗದ ನೋವು, ಜೊತೆಗೆ ಜೋಮು. ಇಷ್ಟೂ ಸೇರಿದರೆ ಅದು ಡಿಕಂಪ್ರೆಶನ್ ಸಿಕ್‌ನೆಸ್ ಅಂತಲೇ ಹಿಡಿಯಬೇಕು. ಒತ್ತಡ ಬೇಗ ಇಳಿದು ಮೈಯೊಳಗೆ ಗುಳ್ಳೆ ಏಳುವ ಕಾಯಿಲೆ, ಡೈವರ್‌ಗಳು ಬೆಂಡ್ಸ್ ಅನ್ನುತ್ತಾರೆ. ನೋವು ಮಾತ್ರ ಇದ್ದಿದ್ದರೆ ಒಂದು ಮಾತು. ಬೆರಳು ಜೋಮು ಹಿಡಿದಿದೆ ಅಂದರೆ ನರಕ್ಕೂ ತಗುಲಿರಬಹುದು. ಇದಕ್ಕೆ ಮದ್ದು ಒತ್ತಡದ ಕೋಣೆ, ಅಂದರೆ ಹೈಪರ್‌ಬ್ಯಾರಿಕ್ ಚೇಂಬರ್. ಬೆಂಗಳೂರಿನ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಇದೆ. ಆದರೆ ಗಾಯ ಒಣಗಿಸಲು ಇಟ್ಟುಕೊಂಡ ಚೇಂಬರ್ ಇರುವವರೆಲ್ಲ ಡೈವರ್‌ಗಳನ್ನು ತೆಗೆದುಕೊಳ್ಳುವುದಿಲ್ಲ. ಮೊದಲು ಫೋನ್ ಮಾಡಿ "ಡೈವಿಂಗ್ ಕೇಸ್, ನರದ ಲಕ್ಷಣ ಇದೆ" ಅಂತ ಹೇಳಿ, ಒಪ್ಪಿದ ಕಡೆಗೇ ಹೋಗಿ.

ಡೈವ್ ಕಂಪ್ಯೂಟರ್ ಜೊತೆಗೆ ತೆಗೆದುಕೊಂಡು ಹೋಗಿ. ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ವೇಗದಲ್ಲಿ ಮೇಲೆ ಬಂದ ಎಲ್ಲ ಅದರಲ್ಲೇ ಇರುತ್ತದೆ.

ಬಂಗಾರಪೇಟೆ ಅಕ್ಕ · 7:29

ಅಯ್ಯೋ ದೇವರೇ. ನೀರು ಕಾಯಿಸುವುದು ನಿಲ್ಲಿಸಿದೆ. ಕೋವಿಡ್ ಸಮಯದಲ್ಲಿ ಅಪ್ಪನಿಗೆ ತಂದ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಮನೆಯಲ್ಲಿದೆ. ಅದು ಹಾಕಲಾ?

ತುರ್ತು ವಾರ್ಡ್ ನರ್ಸ್ · 7:33

ಅಕ್ಕ, ಇಲ್ಲದ್ದಕ್ಕಿಂತ ವಾಸಿ, ಹೊರಡುವ ತನಕ ಹಾಕಿ. ಆದರೆ ಮೂಗಿನ ನಳಿಗೆಯಲ್ಲಿ ಬರುವ ಆಕ್ಸಿಜನ್ ಸುತ್ತಲಿನ ಗಾಳಿ ಜೊತೆ ಬೆರೆತೇ ಒಳಗೆ ಹೋಗುತ್ತದೆ. ಇಲ್ಲಿ ಬೇಕಾಗಿರುವುದು ಚೀಲ ಇರುವ ಮಾಸ್ಕಿನಲ್ಲಿ, ಆದಷ್ಟೂ ಪೂರ್ತಿ ಆಕ್ಸಿಜನ್. 108ಕ್ಕೆ ಕರೆ ಮಾಡಿ, ಆಂಬುಲೆನ್ಸಿನಲ್ಲಿ ಮಾಸ್ಕ್ ಕೇಳಿ ಹಾಕಿಸಿ.

ಅಂಗಾತ ಮಲಗಿಸಿ. ಎಚ್ಚರವಾಗಿದ್ದು ನುಂಗಲು ಆಗುತ್ತಿದ್ದರೆ ನೀರು, ಓಆರ್‌ಎಸ್ ಸ್ವಲ್ಪ ಸ್ವಲ್ಪ ಕುಡಿಸಿ. ಕಾಫಿ ಬೇಡ. ಇನ್ನೊಂದು ಮುಖ್ಯ: ಮೂತ್ರ ಸರಿಯಾಗಿ ಹೋಗುತ್ತಿದೆಯಾ, ನಡೆಯುವಾಗ ಕಾಲು ತೊಡರುತ್ತಿದೆಯಾ, ಕೇಳಿ ಬರೆದಿಟ್ಟುಕೊಳ್ಳಿ. ಬೆನ್ನುಹುರಿಗೆ ತಗುಲಿದ್ದರೆ ಅಲ್ಲಿ ಮೊದಲು ಗೊತ್ತಾಗುತ್ತದೆ.

ಬಂಗಾರಪೇಟೆ ಅಕ್ಕ · 7:52

ಮೂತ್ರ ಹೋಗಿದೆ, ನಡಿಗೆ ಸರಿ ಇದೆ. ಬೆಂಗಳೂರಿನ ಒಂದು ಆಸ್ಪತ್ರೆ ಒಪ್ಪಿದೆ. ಆಂಬುಲೆನ್ಸ್ ಬಂತು. ಹೊರಟೆವು.

ಮಾಲೂರು ಹುಡುಗ · 7:58

ಅಕ್ಕ, ಕ್ಷಮಿಸಿ. ನನಗೆ ಗೊತ್ತಿರಲಿಲ್ಲ, ಸುಮ್ನೆ ಧೈರ್ಯ ಹೇಳೋಣ ಅಂತ ಬರೆದೆ. ಒಳ್ಳೆಯದಾಗಲಿ.

ಆದರೂ ಕೇಳುತ್ತೇನೆ. ಮೇಲೆ ಬಂದಾಗ ಚೆನ್ನಾಗಿದ್ದವನಿಗೆ ಐದಾರು ಗಂಟೆ ಆದಮೇಲೆ ಹೇಗೆ ಶುರುವಾಯಿತು? ಸ್ವಲ್ಪ ಬೇಗ ಮೇಲೆ ಬಂದರೆ ಇಷ್ಟೆಲ್ಲ ಆಗುತ್ತದಾ?

ಮುಳಬಾಗಿಲು ಸೋಡಾ · 8:20

ನಮ್ಮಪ್ಪ ಮೂವತ್ತು ವರ್ಷ ಗೋಲಿ ಸೋಡಾ ಮಾಡಿದವರು. ಅದನ್ನೇ ಇಟ್ಟು ಹೇಳುತ್ತೇನೆ. ತಣ್ಣನೆ ನೀರಿಗೆ ಒತ್ತಡ ಕೊಟ್ಟು ಗ್ಯಾಸ್ ಹೊಡೆದರೆ ಅದು ನೀರಿನೊಳಗೆ ಕರಗಿ ಕೂರುತ್ತದೆ. ಗೋಲಿ ಬಿಗಿಯಾಗಿ ಕೂತಿರುವ ತನಕ ಬಾಟಲಿ ನೋಡಿದರೆ ಬರೀ ನೀರು, ಒಂದು ಗುಳ್ಳೆಯೂ ಕಾಣುವುದಿಲ್ಲ. ಹೆಬ್ಬೆರಳಲ್ಲಿ ಗೋಲಿಯನ್ನು ಫಟ್ ಅಂತ ಒತ್ತಿದರೆ ನೊರೆ ಉಕ್ಕಿ ಕೈಯೆಲ್ಲ ಒದ್ದೆ. ಸ್ವಲ್ಪವೇ ಒತ್ತಿ ಹಿಡಿದು ಸುಸ್ ಅಂತ ಗಾಳಿ ಬಿಡುತ್ತಾ ಬಂದರೆ ನೊರೆ ಬರುವುದಿಲ್ಲ. ಆ ಹುಡುಗನ ಮೈಯೊಳಗೆ ಗೋಲಿ ಒಮ್ಮೆಗೇ ಒತ್ತಿದ ಹಾಗಾಗಿದೆ. ನೀರಿನ ಬದಲು ರಕ್ತ, ಗ್ಯಾಸ್ ಬದಲು ಸಾರಜನಕ.

ಫಿಸಿಕ್ಸ್ ಮೇಷ್ಟ್ರು · 8:41

ಸೋಡಾ ಅಣ್ಣ ಹೇಳಿದ್ದು ಸರಿ. ಲೆಕ್ಕ ಸೇರಿಸುತ್ತೇನೆ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 78 ಭಾಗ ಸಾರಜನಕ. ದೇಹ ಅದನ್ನು ಬಳಸುವುದಿಲ್ಲ, ಬರುತ್ತದೆ ಹೋಗುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತಾ ಹೋಗುತ್ತದೆ. 24 ಮೀಟರ್ ಅಂದರೆ ಮೇಲಿನದರ 3.4 ಪಟ್ಟು. ಸಿಲಿಂಡರಿನ ಕವಾಟ ಅದೇ ಒತ್ತಡದಲ್ಲಿ ಗಾಳಿ ಕೊಡುತ್ತದೆ, ಇಲ್ಲದಿದ್ದರೆ ಎದೆ ಹಿಗ್ಗಿಸಲೂ ಆಗುವುದಿಲ್ಲ. ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಅನಿಲ ಹೆಚ್ಚು ಕರಗುತ್ತದೆ. 1803ರಲ್ಲಿ ವಿಲಿಯಂ ಹೆನ್ರಿ ತೋರಿಸಿದ ನಿಯಮ, ಪಿಯುಸಿ ಮಕ್ಕಳು ಬಾಯಿಪಾಠ ಮಾಡಿ ಮರೆತುಬಿಡುತ್ತಾರೆ.

ನಿಧಾನ ಬಂದರೆ ಕರಗಿದ್ದು ರಕ್ತದ ಮೂಲಕ ಶ್ವಾಸಕೋಶಕ್ಕೆ ಬಂದು ಉಸಿರಿನಲ್ಲಿ ಹೋಗುತ್ತದೆ. ಬೇಗ ಬಂದರೆ ಅದಕ್ಕೆ ಸಮಯವೇ ಸಿಗುವುದಿಲ್ಲ, ಇದ್ದ ಜಾಗದಲ್ಲೇ ಗುಳ್ಳೆಯಾಗುತ್ತದೆ. ಸಾರಜನಕದ ಗುಳ್ಳೆಯೇ ಕಾರಣ ಅಂತ 1878ರಲ್ಲಿ ಫ್ರಾನ್ಸಿನ ಪಾಲ್ ಬೇರ್ ತೋರಿಸಿಕೊಟ್ಟರು. ಅದಕ್ಕೂ ಎರಡು ಶತಮಾನ ಮೊದಲು, 1670ರಲ್ಲಿ, ರಾಬರ್ಟ್ ಬಾಯ್ಲ್ ಒಂದು ಹಾವನ್ನು ಗಾಜಿನ ಪಾತ್ರೆಯಲ್ಲಿಟ್ಟು ಗಾಳಿ ಎಳೆದಾಗ ಅದರ ಕಣ್ಣಿನೊಳಗೆ ಗುಳ್ಳೆ ಓಡಾಡುವುದನ್ನು ಕಂಡಿದ್ದರು.

ಗಣಿ ಮೊಮ್ಮಗ, ಕೆಜಿಎಫ್ · 9:05

ಮೇಷ್ಟ್ರೇ, ಒಂದು ವಿಷಯ ಒಪ್ಪಲು ಆಗುತ್ತಿಲ್ಲ. ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಅದು 3.2 ಕಿಲೋಮೀಟರ್ ಆಳ. ದಿನಾ ಇಳಿದು ಎಂಟು ಗಂಟೆ ಕೆಲಸ ಮಾಡಿ ಕೇಜಿನಲ್ಲಿ (ಗಣಿಯ ಲಿಫ್ಟು) ಸರ್ರನೆ ಮೇಲೆ ಬರುತ್ತಿದ್ದರು. 24 ಮೀಟರಿಗೇ ಹೀಗಾದರೆ ನಮ್ಮ ತಾತನಿಗೆ ಏನಾಗಬೇಕಿತ್ತು? ತಾತನ ಜೊತೆಯವರು ಸತ್ತಿದ್ದು ಬಂಡೆ ಸಿಡಿಯುವ ಏರ್ ಬ್ಲಾಸ್ಟಿನಲ್ಲಿ, ಆಮೇಲೆ ಶ್ವಾಸಕೋಶಕ್ಕೆ ಕಲ್ಲಿನ ಧೂಳು ತುಂಬಿ. ಇಂಥ ಗುಳ್ಳೆ ಕಾಯಿಲೆ ಯಾರಿಗೂ ಬಂದಿದ್ದು ಕೇಳಿಲ್ಲ.

ಚಿಂತಾಮಣಿ ಸಿವಿಲ್ · 9:11

ಒಳ್ಳೆ ಪ್ರಶ್ನೆ. ನನಗೂ ಉತ್ತರ ಬೇಕು.

ಫಿಸಿಕ್ಸ್ ಮೇಷ್ಟ್ರು · 9:34

ಗಣಿ ಮೊಮ್ಮಗ, ಬಹಳ ಒಳ್ಳೆಯ ಪ್ರಶ್ನೆ. ಇಲ್ಲಿ ಆಳ ಮುಖ್ಯವಲ್ಲ, ತಲೆಯ ಮೇಲೆ ಏನಿದೆ ಅನ್ನುವುದು ಮುಖ್ಯ. ನಿಮ್ಮ ತಾತನ ತಲೆಯ ಮೇಲೆ 3.2 ಕಿಲೋಮೀಟರ್ ಬಂಡೆ ಇದ್ದರೂ ಅದರ ಭಾರ ಸುರಂಗದ ಗೋಡೆಯ ಮೇಲೆ. ಅದೇ ಭಾರಕ್ಕೆ ಬಂಡೆ ಸಿಡಿದು ನೀವು ಹೇಳಿದ ಏರ್ ಬ್ಲಾಸ್ಟ್ ಆಗುತ್ತಿತ್ತು. ಮೈಮೇಲೆ ಬೀಳುವುದು ಶಾಫ್ಟಿನೊಳಗಿನ ಗಾಳಿಯ ಭಾರ ಮಾತ್ರ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಭಾರ. ತಳದಲ್ಲಿ ಗಾಳಿ ಸ್ವಲ್ಪ ದಟ್ಟ ಅನ್ನುವುದನ್ನೂ ಸೇರಿಸಿ ಲೆಕ್ಕ ಹಾಕಿದೆ. 3,200 ಮೀಟರ್ ಗಾಳಿಯ ಕಂಬ ಕೊಡುವ ಒತ್ತಡ ನಾಲ್ಕು ಮೀಟರ್ ನೀರಿಗೆ ಹೆಚ್ಚುಕಮ್ಮಿ ಸಮ. ಅಂದರೆ ನಿಮ್ಮ ತಾತ ದಿನಾ ಇಳಿದು ಹತ್ತುತ್ತಿದ್ದದ್ದು ಒತ್ತಡದ ಲೆಕ್ಕದಲ್ಲಿ ಒಂದು ಸಣ್ಣ ಬಾವಿಯ ಆಳ. ಗಣಿಯ ತಳದಲ್ಲಿ ಒತ್ತಡ ಮೇಲಿನದರ 1.4 ಪಟ್ಟು ಇದ್ದಿರಬಹುದು. ಎರಡು ಪಟ್ಟಿನೊಳಗೆ ಒತ್ತಡ ಇಳಿದರೆ ದೇಹ ತಡೆದುಕೊಳ್ಳುತ್ತದೆ ಅಂತ ಜಾನ್ ಸ್ಕಾಟ್ ಹಾಲ್ಡೇನ್ ಅನ್ನುವ ವಿಜ್ಞಾನಿ ಆಡುಗಳ ಮೇಲೆ ಪ್ರಯೋಗ ಮಾಡಿ 1908ರಲ್ಲಿ ಹೇಳಿದ್ದರು. ಈಗ ಆ ಅಳತೆಯನ್ನು ಇನ್ನೂ ಬಿಗಿ ಮಾಡಿದ್ದಾರೆ. ಆದರೂ ತಾತ ಅದರೊಳಗೇ ಇದ್ದರು.

ಗಣಿ ಮೊಮ್ಮಗ, ಕೆಜಿಎಫ್ · 9:40

ಮೂರು ಕಿಲೋಮೀಟರ್ ಗಾಳಿ ನಾಲ್ಕು ಮೀಟರ್ ನೀರಿಗೆ ಸಮ! ನಾಲ್ಕು ಸಲ ಓದಿದೆ. ತಾತನಿಗೆ ಓದಿ ಹೇಳಬೇಕು.

ಕೆರೆ ಏರಿ · 9:52

ನಮ್ಮೂರಲ್ಲಿ ಬಾವಿಗೆ ಬಿಂದಿಗೆ ಬಿದ್ದರೆ ಪಾತಾಳಗರಡಿ ಬಿಟ್ಟು ಹುಡುಕುತ್ತಿದ್ದರು. ಅದಕ್ಕೂ ಸಿಗದಿದ್ದರೆ ನಮ್ಮ ಚಿಕ್ಕಪ್ಪ ಹಾರಿ ತಳ ಮುಟ್ಟಿ ತರುತ್ತಿದ್ದರು. ನಲವತ್ತು ಅಡಿ ನೀರು. ಗಾಳಿಬಾಣದ ಹಾಗೆ ಮೇಲೆ ಬರುತ್ತಿದ್ದರು. ಏನೂ ಆಗಲಿಲ್ಲ. ಈ ಕಾಯಿಲೆ ಸಿಲಿಂಡರಿನಿಂದಲೇ ಬಂದಿದ್ದು, ಅಲ್ವಾ?

ಕಡಲ ಹುಚ್ಚ, ಕೋಲಾರ · 10:08

ಹೆಚ್ಚುಕಮ್ಮಿ ಹೌದು ಅಣ್ಣ. ಚಿಕ್ಕಪ್ಪ ಮೇಲಿಂದ ಒಂದೇ ಉಸಿರು ತೆಗೆದುಕೊಂಡು ಹೋದರು. ಆಳದಲ್ಲಿ ಆ ಗಾಳಿ ಕುಗ್ಗಿತು, ಮೇಲೆ ಬಂದಾಗ ಮೊದಲಿನಷ್ಟೇ ಆಯಿತು. ಒಂದು ನಿಮಿಷದಲ್ಲಿ ಕರಗುವ ಸಾರಜನಕ ಲೆಕ್ಕಕ್ಕೇ ಇಲ್ಲ. ಸ್ಕೂಬಾದಲ್ಲಿ ಮುಕ್ಕಾಲು ಗಂಟೆ ಆಳದಲ್ಲೇ ಹೊಸ ಗಾಳಿ ಎಳೆಯುತ್ತಾ ಇರುತ್ತೇವೆ.

ಆದರೆ ಉಸಿರು ಕಟ್ಟಿ ಮುಳುಗುವವರಿಗೆ ಬರುವುದೇ ಇಲ್ಲ ಅನ್ನುವ ಹಾಗಿಲ್ಲ. ಪೆಸಿಫಿಕ್ ಸಾಗರದ ಟುವಾಮೊಟು ದ್ವೀಪಗಳಲ್ಲಿ ಮುತ್ತು ತೆಗೆಯುವವರು ದಿನಕ್ಕೆ ಹತ್ತಾರು ಸಲ ಬಹಳ ಆಳಕ್ಕೆ ಇಳಿಯುತ್ತಿದ್ದರು, ಮಧ್ಯೆ ಬಿಡುವು ಕಮ್ಮಿ. ಅವರಲ್ಲಿ ತಲೆಸುತ್ತು, ಲಕ್ವಾ ಕಾಣಿಸುತ್ತಿತ್ತು. ಅದಕ್ಕೆ ಅವರದೇ ಹೆಸರು ಇದೆ, ತರವಾನ.

ಬಾವಿಯಲ್ಲಿ ಬೇರೆ ಅಪಾಯ. ಜೋರಾಗಿ ಹತ್ತಿಪ್ಪತ್ತು ಸಲ ಉಸಿರೆಳೆದು ಬಿಟ್ಟು ಮುಳುಗುವ ಹುಡುಗರಿದ್ದಾರೆ. ಹಾಗೆ ಮಾಡಿದರೆ ಉಸಿರು ಬೇಕು ಅನ್ನುವ ತುಡಿತವೇ ತಡವಾಗುತ್ತದೆ. ಮೇಲೆ ಬರುವಾಗ ಒತ್ತಡ ಇಳಿದು ಆಕ್ಸಿಜನ್ ಇನ್ನೂ ಸಾಲದೆ, ನೀರಿನ ಮೇಲ್ಮೈ ಹತ್ತಿರವೇ ಪ್ರಜ್ಞೆ ತಪ್ಪುತ್ತದೆ. ಕ್ವಾರಿ ಹೊಂಡಗಳಲ್ಲಿ ಈಜುವ ಹುಡುಗರಿಗೆ ಇದನ್ನು ಯಾರಾದರೂ ಹೇಳಲೇಬೇಕು.

ಕೆರೆ ಏರಿ · 10:15

ಈಗ ಬಾವಿಯಲ್ಲಿ ನೀರೆಲ್ಲಿದೆ ಬಿಡಿ. ಬೋರ್‌ವೆಲ್ಲೇ ಸಾವಿರದ ಐನೂರು ಅಡಿ. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಿಂದ ಶುದ್ಧ ಮಾಡಿ ಬಿಡುವ ಕೊಳಚೆ ನೀರು, 2018ರಲ್ಲಿ ಬಂದಮೇಲೆ ನಮ್ಮ ಕಡೆ ಕೆರೆ ತುಂಬಿದೆ, ಆದರೆ ಆ ನೀರಿಗೆ ಮಕ್ಕಳನ್ನು ಇಳಿಸಲು ಮನಸ್ಸು ಬರುವುದಿಲ್ಲ.

ಶಿಡ್ಲಘಟ್ಟ ರೇಷ್ಮೆ · 10:19

ಕೆ.ಸಿ. ವ್ಯಾಲಿ ನೀರಿನಿಂದ ಅಂತರ್ಜಲ ಮೇಲೆ ಬಂದಿರುವುದು ಸುಳ್ಳಾ? ನಮ್ಮ ನೆಂಟರ ಬತ್ತಿದ್ದ ಬೋರ್ ಮತ್ತೆ ನೀರು ಕೊಡುತ್ತಿದೆ.

ಕೆರೆ ಏರಿ · 10:22

ಬಂದಿಲ್ಲ ಅನ್ನಲಿಲ್ಲ. ಇನ್ನೊಂದು ಹಂತ ಶುದ್ಧ ಮಾಡಿ ಬಿಡಿ ಅನ್ನುವುದು ನನ್ನ ಮಾತು.

ವೇದಿಕೆ ಮೇಲ್ವಿಚಾರಕ · 10:25

ಕೆರೆ ನೀರಿನ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಒಬ್ಬ ಹುಡುಗ ಆಸ್ಪತ್ರೆಯಲ್ಲಿದ್ದಾನೆ.

ಬಂಗಾರಪೇಟೆ ಅಕ್ಕ · 10:50

ತಲುಪಿದೆವು. ಡಾಕ್ಟರ್ ಕಣ್ಣು ಮುಚ್ಚಿಸಿ ನಿಲ್ಲಿಸಿದರು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಡೆಸಿದರು, ಸೂಜಿ ಮುಟ್ಟಿಸಿ ಎಲ್ಲಿ ಗೊತ್ತಾಗುತ್ತದೆ ಕೇಳಿದರು. ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದರು. 24 ಮೀಟರಿನಿಂದ ಮೇಲೆ ಬರಲು ಒಂದು ನಿಮಿಷವೂ ಹಿಡಿದಿಲ್ಲವಂತೆ. ಡಿಕಂಪ್ರೆಶನ್ ಸಿಕ್‌ನೆಸ್ಸೇ ಅಂದರು. ಇವನನ್ನು ಚೇಂಬರಿನೊಳಗೆ ಕರೆದುಕೊಂಡು ಹೋದರು. ಸುಮಾರು 5 ಗಂಟೆ ಆಗುತ್ತದಂತೆ. ನಾನು ಹೊರಗೆ ಕೂತಿದ್ದೇನೆ. ನೀವು ಬರೆಯುತ್ತಾ ಇರಿ, ಓದುತ್ತಿದ್ದರೆ ಧೈರ್ಯ ಬರುತ್ತದೆ.

ಕಡಲ ಹುಚ್ಚ, ಕೋಲಾರ · 11:02

ಸರಿಯಾದ ಜಾಗಕ್ಕೆ ಸೇರಿದಿರಿ ಅಕ್ಕ. ಒಳಗೆ ಏನು ಮಾಡುತ್ತಾರೆ ಹೇಳುತ್ತೇನೆ. 18 ಮೀಟರ್ ಆಳದಲ್ಲಿರುವಷ್ಟು ಒತ್ತಡ ಏರಿಸಿ, ಮಾಸ್ಕಿನಲ್ಲಿ ಪೂರ್ತಿ ಆಕ್ಸಿಜನ್ ಕೊಡುತ್ತಾರೆ. ಒತ್ತಡಕ್ಕೆ ಗುಳ್ಳೆ ಕುಗ್ಗುತ್ತದೆ. ಉಸಿರಿನಲ್ಲಿ ಸಾರಜನಕವೇ ಇಲ್ಲದ ಕಾರಣ ಗುಳ್ಳೆಯಲ್ಲಿರುವುದು ಬೇಗ ಹೊರಗೆ ಬರುತ್ತದೆ. ಗುಳ್ಳೆ ರಕ್ತ ತಡೆದ ಜಾಗಕ್ಕೆ ಆಕ್ಸಿಜನ್ನೂ ಸಿಗುತ್ತದೆ. ಮಧ್ಯೆ ಮಧ್ಯೆ ಐದೈದು ನಿಮಿಷ ಮಾಮೂಲಿ ಗಾಳಿ ಕೊಡುತ್ತಾರೆ, ಯಾಕೆಂದರೆ ಆ ಒತ್ತಡದಲ್ಲಿ ಆಕ್ಸಿಜನ್ ಜಾಸ್ತಿಯಾದರೆ ಫಿಟ್ಸ್ ಬರಬಹುದು. ಕೊನೆಗೆ ಬಹಳ ನಿಧಾನವಾಗಿ ಮೇಲೆ ತರುತ್ತಾರೆ. ನಿನ್ನೆ ಹೇಗೆ ಬರಬೇಕಿತ್ತೋ ಹಾಗೆ.

ಅಂಡರ್‌ಸನ್‌ಪೇಟೆ ಅಣ್ಣ · 11:10

ಒತ್ತಡವೇ ಮದ್ದು ಅಂದಮೇಲೆ ಅಲ್ಲೇ ಮತ್ತೆ ಸಮುದ್ರಕ್ಕೆ ಇಳಿಸಿ ನಿಧಾನ ಮೇಲೆ ತಂದಿದ್ದರೆ ಆಗುತ್ತಿರಲಿಲ್ಲವಾ? ಐದು ಗಂಟೆ ಚೇಂಬರ್ ಯಾಕೆ?

ಕಡಲ ಹುಚ್ಚ, ಕೋಲಾರ · 11:16

ಬೇಡವೇ ಬೇಡ ಅಣ್ಣ. ಸಿಲಿಂಡರಿನಲ್ಲಿರುವುದು ಮಾಮೂಲಿ ಗಾಳಿ, ಇಳಿಸಿದರೆ ಇನ್ನಷ್ಟು ಸಾರಜನಕ ತುಂಬುತ್ತದೆ. ಗಂಟೆಗಟ್ಟಲೆ ಚಳಿಯಲ್ಲಿ ನೀರಿನಲ್ಲಿರಬೇಕು. ಒಳಗೇ ಕೈಕಾಲು ಬಿದ್ದುಹೋದರೆ, ಪ್ರಜ್ಞೆ ತಪ್ಪಿದರೆ ಮುಳುಗಿಯೇ ಹೋಗುತ್ತಾನೆ. ಈ ಯೋಚನೆ ಬಂದು ಪ್ರಾಣ ಕಳೆದುಕೊಂಡವರಿದ್ದಾರೆ.

ಶ್ರೀನಿವಾಸಪುರ ಮಾವು · 11:30

ಬೆಳಗ್ಗೆ ಆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಬರಲೇ ಇಲ್ಲ. ಐದಾರು ಗಂಟೆ ಬಿಟ್ಟು ಯಾಕೆ ಶುರುವಾಯಿತು? ಸೋಡಾ ಆದರೆ ಆ ಕ್ಷಣದಲ್ಲೇ ಉಕ್ಕುತ್ತದೆ.

ಫಿಸಿಕ್ಸ್ ಮೇಷ್ಟ್ರು · 11:48

ನೀವು ತೋಟದವರು, ಮಣ್ಣಿನ ಲೆಕ್ಕದಲ್ಲೇ ಹೇಳುತ್ತೇನೆ. ನಮ್ಮ ಕೆಂಪು ಮರಳು ಮಣ್ಣಿಗೆ ನೀರು ಬಿಟ್ಟರೆ ಬೇಗ ಇಂಗುತ್ತದೆ, ಬೇಗ ಒಣಗುತ್ತದೆ. ಕೆರೆ ಗೋಡಿಗೆ ಬಿಟ್ಟರೆ ನಿಧಾನಕ್ಕೆ ನೆನೆಯುತ್ತದೆ, ವಾರವಾದರೂ ಒಳಗೆ ಹಸಿ ಇರುತ್ತದೆ. ದೇಹವೂ ಒಂದೇ ಮಣ್ಣಲ್ಲ. ರಕ್ತ, ಮಿದುಳು ಬೇಗ ತುಂಬಿ ಬೇಗ ಬಿಡುತ್ತವೆ. ರಕ್ತ ಓಡಾಟ ಕಮ್ಮಿ ಇರುವ ಕೀಲು, ಕೊಬ್ಬು ನಿಧಾನ. ಎರಡು ದಿನದಲ್ಲಿ 5 ಡೈವ್ ಮಾಡಿದ್ದರಿಂದ ಗೋಡು ಮಣ್ಣು ಚೆನ್ನಾಗಿ ನೆನೆದುಬಿಟ್ಟಿತ್ತು. ಅದು ಗಂಟೆಗಟ್ಟಲೆ ಬಿಡುತ್ತಲೇ ಇರುತ್ತದೆ, ಗುಳ್ಳೆ ಬೆಳೆಯುತ್ತಲೇ ಇರುತ್ತದೆ. ಗುಳ್ಳೆ ರಕ್ತನಾಳದ ಒಳಪದರವನ್ನು ಕೆರಳಿಸಿ ಊತ ತರುವುದೂ ನಿಧಾನಕ್ಕೇ.

ಶ್ರೀನಿವಾಸಪುರ ಮಾವು · 11:53

ಈಗ ಅರ್ಥವಾಯಿತು ಮೇಷ್ಟ್ರೇ. ಗೋಡು ಹೊಡೆದ ತೋಟ ನನ್ನದು.

ಕಡಲ ಹುಚ್ಚ, ಕೋಲಾರ · 12:05

ಇನ್ನೊಂದು ಕಾರಣ ಯಾರೂ ಗಮನಿಸಿಲ್ಲ. ಅಕ್ಕ ಬರೆದದ್ದು ಮತ್ತೆ ಓದಿ. ನೋವು ಶುರುವಾಗಿದ್ದು ಎಲ್ಲಿ? ಘಟ್ಟ ಹತ್ತಿ ಸಾಗರದ ಹತ್ತಿರ.

ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಹೇಳಿಕೊಡುತ್ತಾರೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆದರೆ ಕನಿಷ್ಠ 18 ಗಂಟೆ ಬಿಡಬೇಕು. ಆದರೆ ಆ ನಿಯಮ ವಿಮಾನಕ್ಕೆ ಮಾತ್ರ ಅಲ್ಲ. ಸಮುದ್ರ ಮಟ್ಟದಿಂದ 600 ಮೀಟರ್ ಮೇಲೆ ಯಾವ ದಾರಿಯಲ್ಲಿ ಹತ್ತಿದರೂ ಯೋಚಿಸಬೇಕು. ಹೊನ್ನಾವರ ಬಿಟ್ಟು ಘಟ್ಟ ಹತ್ತಿದರೆ ಸಾಗರ ಹೆಚ್ಚುಕಮ್ಮಿ ಅಷ್ಟೇ ಎತ್ತರ. ತುಮಕೂರು, ಕೋಲಾರ 800 ಮೀಟರಿಗೂ ಮೇಲೆ, ಬೆಂಗಳೂರು 900. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತನೇ ಒಂದು ಭಾಗದಷ್ಟು ಕಮ್ಮಿ. ಮೈಯಲ್ಲಿ ಗುಳ್ಳೆ ಕೂತಿರುವಾಗ ಅಷ್ಟು ಸಾಕು ಅದು ಹಿಗ್ಗಲು.

ಬಯಲುಸೀಮೆಯ ನಾವು ಪ್ರತಿ ವಾರ ಇದೇ ಮಾಡುತ್ತೇವೆ. ಭಾನುವಾರ ಮಧ್ಯಾಹ್ನ ಡೈವ್, ಸಂಜೆ ಘಟ್ಟ, ಸೋಮವಾರ ಆಫೀಸು. ನಾನೂ ಮಾಡಿದ್ದೇನೆ. ಡೈವ್ ಮಾಡಿಸುವವರು ಬುಕಿಂಗ್ ತೆಗೆದುಕೊಳ್ಳುವಾಗಲೇ "ಯಾವ ಊರು, ಯಾವಾಗ ವಾಪಸ್" ಅಂತ ಕೇಳಬೇಕು. ಕೇಳುವವರು ಕಮ್ಮಿ.

ತುರ್ತು ವಾರ್ಡ್ ನರ್ಸ್ · 12:12

ಇದು ನನಗೂ ಹೊಸದು. ನಮ್ಮ ವಾರ್ಡಿನ ಗೋಡೆಗೆ ಬರೆದು ಅಂಟಿಸುತ್ತೇನೆ. ಕೀಲು ನೋವು ಅಂತ ಬಂದವರನ್ನು "ಸಮುದ್ರಕ್ಕೆ ಹೋಗಿದ್ದಿರಾ" ಅಂತ ನಾವು ಯಾರೂ ಕೇಳುವುದಿಲ್ಲ.

ಚಿಂತಾಮಣಿ ಸಿವಿಲ್ · 12:40

ಈ ಕಾಯಿಲೆಗೆ ಸಿಕ್ಕವರು ಡೈವರ್‌ಗಳು ಮಾತ್ರ ಅಲ್ಲ, ಸೇತುವೆ ಕಟ್ಟಿದವರೂ. ನದಿಯ ತಳದಲ್ಲಿ ಅಡಿಪಾಯ ತೋಡಲು ಕೈಸನ್ ಅನ್ನುವ ಪೆಟ್ಟಿಗೆ ಮಗುಚಿ ಇಳಿಸುತ್ತಾರೆ. ನೀರು ಒಳಗೆ ಬರದ ಹಾಗೆ ಒತ್ತಡದ ಗಾಳಿ ತುಂಬುತ್ತಾರೆ. ಒಳಗೆ ಕೂಲಿಗಳು ಮಣ್ಣು ಅಗೆಯುತ್ತಾರೆ. ಕೆಲಸ ಮುಗಿಸಿ ಬೇಗ ಹೊರಗೆ ಬಂದವರು ನೋವಿಗೆ ಬಗ್ಗಿ ನಡೆಯುತ್ತಿದ್ದರು. ಬೆಂಡ್ಸ್ ಅನ್ನುವ ಹೆಸರು ಬಂದಿದ್ದು ಆ ಬಗ್ಗಿದ ಮೈಯಿಂದ.

ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಕಟ್ಟುವಾಗ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ 1872ರಲ್ಲಿ ಇದಕ್ಕೆ ತುತ್ತಾಗಿ ಹಾಸಿಗೆ ಹಿಡಿದರು. ಅವರ ಹೆಂಡತಿ ಎಮಿಲಿ ಎಂಜಿನಿಯರಿಂಗ್ ಕಲಿತು, ಗಂಡನ ಮಾತನ್ನು ಕೆಲಸದ ಜಾಗಕ್ಕೆ ಮುಟ್ಟಿಸಿ, 1883ರಲ್ಲಿ ಸೇತುವೆ ತೆರೆಯುವ ತನಕ ನಡೆಸಿದರು. ಅಲ್ಲಿ ಮ್ಯಾನ್‌ಹಟನ್ ಕಡೆಯ ಪೆಟ್ಟಿಗೆ ಇಳಿದಿದ್ದು ಸುಮಾರು 24 ಮೀಟರ್. ಅಕ್ಕನ ತಮ್ಮ ಇದ್ದ ಆಳವೇ. ಸುರಂಗ ಕೊರೆಯುವ ಯಂತ್ರದ ಹಲ್ಲು ಬದಲಿಸಲು ಇವತ್ತಿಗೂ ಕೆಲವು ಕಡೆ ಜನ ಒತ್ತಡದ ಗಾಳಿಯಲ್ಲೇ ಇಳಿಯುತ್ತಾರೆ. ಈಗ ಅವರನ್ನು ಹೊರಗೆ ಬಿಡುವುದಕ್ಕೆ ಸಮಯದ ಪಟ್ಟಿ ಇದೆ. ಮೇಷ್ಟ್ರು ಹೇಳಿದ ಹಾಲ್ಡೇನ್ ಹಾಕಿಕೊಟ್ಟ ದಾರಿ ಅದು.

ಫಿಸಿಕ್ಸ್ ಮೇಷ್ಟ್ರು · 12:55

ಆ ಹಾಲ್ಡೇನ್ ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ನಮ್ಮ ದೇಶಕ್ಕೇ ಬಂದು ನೆಲೆಸಿದರು, ಭಾರತದ ಪೌರರೂ ಆದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಎರಡನೇ ಮಹಾಯುದ್ಧದ ಸಮಯದಲ್ಲಿ ಒತ್ತಡದ ಕೋಣೆಯೊಳಗೆ ತಾವೇ ಕೂತು ಪ್ರಯೋಗ ಮಾಡಿಕೊಂಡವರು. ಒಂದು ಸಲ ಆಕ್ಸಿಜನ್ ಜಾಸ್ತಿಯಾಗಿ ಫಿಟ್ಸ್ ಬಂದು ಬೆನ್ನು ಮೂಳೆಗೇ ಪೆಟ್ಟಾಯಿತು. ಕಡಲ ಹುಚ್ಚ ಅವರು ಹೇಳಿದ ಐದೈದು ನಿಮಿಷದ ಬಿಡುವಿನ ಹಿಂದೆ ಅಂಥವರ ನೋವಿದೆ.

ಮಾಲೂರು ಹುಡುಗ · 1:20

ಎಷ್ಟೇ ಹೇಳಿ, ತಪ್ಪು ಆ ಹುಡುಗನದೇ ಅಲ್ವಾ? ಗಾಳಿ ಎಷ್ಟಿದೆ ಅಂತ ನೋಡುತ್ತಿರಬೇಕಿತ್ತು.

ಕಡಲ ಹುಚ್ಚ, ಕೋಲಾರ · 1:31

ನೋಡಬೇಕಿತ್ತು, ನಿಜ. ಆದರೆ ಜೊತೆಗಾರ ಎಲ್ಲಿದ್ದ? ಜೊತೆಗಾರನ ಬಳಿ ಇನ್ನೊಂದು ಬಾಯಿ ಕವಾಟ ಇರುವುದೇ ಇಂಥ ಹೊತ್ತಿಗೆ. ನಿಮಿಷಕ್ಕೆ 9 ಅಥವಾ 10 ಮೀಟರಿಗಿಂತ ಬೇಗ ಬರಬಾರದು, 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಬೇಕು. ಮೊದಲೆಲ್ಲ ನಿಮಿಷಕ್ಕೆ 18 ಮೀಟರ್ ಅಂತ ಕಲಿಸುತ್ತಿದ್ದರು, ಆಮೇಲೆ ಅರ್ಧಕ್ಕೆ ಇಳಿಸಿದರು. ಇಷ್ಟೆಲ್ಲ ಪಾಲಿಸಿದವರಿಗೂ ಬೆಂಡ್ಸ್ ಬಂದಿದೆ. ನಾಲ್ಕು ಜನರಲ್ಲಿ ಒಬ್ಬರಿಗೆ ಹೃದಯದ ಎರಡು ಮೇಲಿನ ಕೋಣೆಗಳ ನಡುವೆ ಹುಟ್ಟಿನಿಂದಲೇ ಸಣ್ಣ ಕಿಂಡಿ ಉಳಿದಿರುತ್ತದೆ. ಗುಳ್ಳೆ ಶ್ವಾಸಕೋಶದಲ್ಲಿ ಸೋಸಿ ಹೋಗದೆ ಅದರ ಮೂಲಕ ನೇರ ಮಿದುಳಿನ ಕಡೆ ಹೋಗಬಹುದು. ಎಷ್ಟೋ ಜನಕ್ಕೆ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. "ತಪ್ಪು ನಿನ್ನದೇ" ಅನ್ನುತ್ತಾ ಹೋದರೆ ನಾಳೆ ನೋವು ಬಂದವನು ನಾಚಿಕೆಗೆ ಬಾಯೇ ಬಿಡುವುದಿಲ್ಲ. ಈ ಕಾಯಿಲೆಯಲ್ಲಿ ಬಾಯಿ ಬಿಡದೆ ಕೂರುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ.

ಒಂದು ವಿಷಯಕ್ಕೆ ಮಾತ್ರ ಆ ಹುಡುಗನನ್ನು ಮೆಚ್ಚಬೇಕು. ಗಾಬರಿಯಲ್ಲೂ ಉಸಿರು ಬಿಡುತ್ತಾ ಬಂದಿರಬೇಕು. ಉಸಿರು ಕಟ್ಟಿ ಬಂದಿದ್ದರೆ ಶ್ವಾಸಕೋಶದೊಳಗಿನ ಗಾಳಿ ಮೂರು ಪಟ್ಟಿಗೂ ಮೀರಿ ಹಿಗ್ಗಿ, ಒಡೆದು, ಗಾಳಿ ನೇರ ರಕ್ತಕ್ಕೆ ಸೇರುತ್ತಿತ್ತು. ಅದಕ್ಕೆ ಗಂಟೆಗಟ್ಟಲೆ ಬೇಡ, ಮೇಲೆ ಬಂದ ಹತ್ತು ನಿಮಿಷದೊಳಗೆ ಪ್ರಜ್ಞೆ ಹೋಗಬಹುದು. ಸ್ಕೂಬಾ ಗಾಳಿ ಎಳೆದು ಉಸಿರು ಕಟ್ಟಿದರೆ ಒಂದೂವರೆ ಮೀಟರಿನ ಈಜುಕೊಳದಲ್ಲೂ ಅದು ಆಗಬಹುದು.

ಮಾಲೂರು ಹುಡುಗ · 1:38

ಸರಿ ಅಣ್ಣ, ಒಪ್ಪಿದೆ.

ಬಂಗಾರಪೇಟೆ ಅಕ್ಕ · ಸಂಜೆ 4:45

ಹೊರಗೆ ಬಂದ. ಒತ್ತಡ ಏರಿಸಿ ಅರ್ಧ ಗಂಟೆಯೊಳಗೇ ಭುಜದ ನೋವು ಹೋಯಿತಂತೆ. ಒಳಗಿಂದ ಗಾಜಿನಲ್ಲಿ ಕೈ ಎತ್ತಿ ತೋರಿಸಿದ, ನನಗೆ ಅಳು ತಡೆಯಲು ಆಗಲಿಲ್ಲ. ಬೆರಳಿನ ಜೋಮು ಪೂರ್ತಿ ಹೋಗಿಲ್ಲ. ನಾಳೆ ಇನ್ನೊಂದು ಸಲ ಚೇಂಬರ್. ಇನ್ನೂ ತಡವಾಗಿದ್ದರೆ ಜೋಮು ಉಳಿದುಬಿಡಬಹುದಿತ್ತು ಅಂದರು. ಹೃದಯದ ಕಿಂಡಿ ಇದೆಯಾ ಅಂತ ಸ್ಕ್ಯಾನ್ ಮಾಡಿಸಲು ಬರೆದಿದ್ದಾರೆ. ಅವರು ಹೇಳುವ ತನಕ ವಿಮಾನವೂ ಬೇಡ, ಸಮುದ್ರವೂ ಬೇಡ ಅಂದಿದ್ದಾರೆ.

ಊಟ ಮಾಡಿರಲಿಲ್ಲ. ಈಗ ಹೋಗುತ್ತೇನೆ.

ಮುಳಬಾಗಿಲು ಸೋಡಾ · 4:50

ಆಂಜನೇಯಸ್ವಾಮಿ ದಯೆ. ಊಟ ಮಾಡಿ ಅಕ್ಕ, ಮೊದಲು ಊಟ ಮಾಡಿ.

ಗಣಿ ಮೊಮ್ಮಗ, ಕೆಜಿಎಫ್ · ಮಂಗಳವಾರ ರಾತ್ರಿ 8:15

ತಾತನಿಗೆ ಎಲ್ಲ ಓದಿ ಹೇಳಿದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಲಸದ ಮಾತೇ ಆಡದ ಮನುಷ್ಯ ಒಂದು ಗಂಟೆ ಮಾತಾಡಿದರು. ಕೇಜ್ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತಿತ್ತಂತೆ, ಎಂಜಲು ನುಂಗುತ್ತಾ ಬಿಡಿಸಿಕೊಳ್ಳುತ್ತಿದ್ದರಂತೆ. ಹೊಸ ಹುಡುಗರಿಗೆ ಬಾಯಿಗೆ ಒಂದು ಚೂರು ಬೆಲ್ಲ ಕೊಡುತ್ತಿದ್ದರಂತೆ, ನುಂಗುತ್ತಾ ಇರಲಿ ಅಂತ. ಅದು ಆ ನಾಲ್ಕು ಮೀಟರ್ ನೀರೇ ಅಲ್ವಾ ಮೇಷ್ಟ್ರೇ?

ಈಗ ಆ ಗಣಿಯೊಳಗೆಲ್ಲ ನೀರು ತುಂಬಿದೆ. ಹುಡುಗ ಹೇಗಿದ್ದಾನೆ ಕೇಳು ಅಂತ ತಾತ ಎರಡು ಸಲ ಕೇಳಿದರು.

ಫಿಸಿಕ್ಸ್ ಮೇಷ್ಟ್ರು · 8:22

ಅದೇ. ಕಿವಿಗೆ ಗೊತ್ತಾಗುವಷ್ಟು ಒತ್ತಡ, ರಕ್ತಕ್ಕೆ ತೊಂದರೆ ಕೊಡದಷ್ಟು. ಬೆಲ್ಲದ ವಿಷಯ ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ, ತಾತನ ಅನುಮತಿ ಕೇಳಿ.

ಬಂಗಾರಪೇಟೆ ಅಕ್ಕ · ಬುಧವಾರ ಬೆಳಗ್ಗೆ 9:05

ತಾತನಿಗೆ ನಮಸ್ಕಾರ ಹೇಳಿ. ನಿನ್ನೆ ಎರಡನೇ ಸಲ ಚೇಂಬರ್ ಆಯಿತು. ಕಿರುಬೆರಳ ತುದಿಯಲ್ಲಿ ಸ್ವಲ್ಪ ಜೋಮು ಇದೆ, ಉಂಗುರದ ಬೆರಳು ಸರಿಹೋಗಿದೆ. ಇವತ್ತು ಡಿಸ್ಚಾರ್ಜ್. ಬಟ್ಟೆ ಬದಲಿಸಲು ನಾನು ಸಹಾಯಕ್ಕೆ ಹೋದೆ. ಬೇಡ ಅಕ್ಕ ಅಂದ. ನಿಧಾನಕ್ಕೆ, ಎಡಗೈಯಲ್ಲೇ, ಮೇಲಿನ ಗುಂಡಿಯಿಂದ ಕೊನೆಯದರ ತನಕ ಹಾಕಿಕೊಂಡ.